ನಿಂತಲ್ಲೇ ನಡುಗುವ ಕಾರು

ನಮ್ಮ ಕಾರು ಓಡುವಾಗ ಚೆನ್ನಾಗಿಯೇ ಇರುತ್ತಿತ್ತು, ನಿಂತರೆ ನಡುಗುತ್ತಿತ್ತು. ಇಳಕಲ್ಲಿನ ನಮ್ಮ ಓಣಿಯಲ್ಲಿ, ಹುನಗುಂದದ ಸರ್ಕಲ್ಲಿನಲ್ಲಿ, ಎಲ್ಲಿ ನಿಲ್ಲಿಸಿದರೂ ಸ್ಟೇರಿಂಗ್ ಹಿಡಿದ ಕೈ ಥರಥರ. ಒಮ್ಮೊಮ್ಮೆ ಬಂದ್ ಬೀಳುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ. ಕಿಡ್ನಿ ಕೆಟ್ಟ ಅವರನ್ನು ವಾರಕ್ಕೆರಡು ಸಲ ಬಾಗಲಕೋಟೆಗೆ ಡಯಾಲಿಸಿಸ್‌ಗೆ ಕರೆದೊಯ್ಯುವವಳು ನಾನು. ದಾರಿಯಲ್ಲಿ ಕಾರು ಕೈಕೊಟ್ಟರೆ ಏನು ಗತಿ ಎಂದು ಹೆದರಿಕೆಯಾಗುತ್ತಿತ್ತು.

ಹುನಗುಂದದ ಮೆಕ್ಯಾನಿಕ್ ಪ್ಲಗ್ ಬದಲಿಸಿದ. ಸರಿಹೋಯಿತು, ಮತ್ತೆ ಕೆಟ್ಟಿತು. ಪೆಟ್ರೋಲು ಸರಿಯಿಲ್ಲ ಅಂದ. ಬಂಕ್ ಬದಲಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ನಡೆದಿತ್ತು. ಅವನ ಗ್ಯಾರೇಜಿಗೆ ಒಯ್ದ ದಿನ ಮಾತ್ರ ಆ ಹಾಳು ಕಾರು ಸುಮ್ಮನಿರುತ್ತಿತ್ತು. "ಗಾಡಿ ಛಲೋ ಐತಲ್ರಿ ಅಕ್ಕಾರ," ಎಂದು ನನ್ನನ್ನೇ ನೋಡುತ್ತಿದ್ದ. ನನಗೇ ಭ್ರಮೆಯೇನೋ ಅನ್ನಿಸತೊಡಗಿತು.

ಅತ್ತೆಯದು ಒಂದೇ ಔಷಧ. ಪ್ರತಿ ಅಮಾವಾಸ್ಯೆಗೆ ಬಾನೆಟ್ ತೆಗೆಸಿ, ವಿಭೂತಿ ಹಚ್ಚಿ, ಕಾಯಿ ಒಡೆದು, ನೀರನ್ನು ಎಂಜಿನ್ನಿನ ಮೇಲೆ ಬಿಡುತ್ತಿದ್ದರು. ಪೂಜೆಯಾದ ಮೇಲೆ ನಡುಕ ಹೆಚ್ಚಿದಂತೆ ಕಾಣುತ್ತಿತ್ತು. ಹಾಗಂತ ಯಾರ ಮುಂದೆ ಹೇಳಲಿ?

ಒಂದು ಅಮಾವಾಸ್ಯೆಯ ಮರುದಿನ, ಡಯಾಲಿಸಿಸ್‌ಗೆ ಹೊರಟಾಗ, ಕಾರು ಗ್ಯಾರೇಜಿನ ಎದುರಿಗೇ ನಡುಗಿತು. ಮೆಕ್ಯಾನಿಕ್ ಎಂಜಿನ್ ಚಾಲೂ ಇಟ್ಟೇ, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರುಗಳ ವೈರನ್ನು ಒಂದೊಂದಾಗಿ ಕಿತ್ತು ನೋಡಿದ. ಕಿತ್ತಾಗ ನಡುಕ ಹೆಚ್ಚಾದರೆ ಆ ಇಂಜೆಕ್ಟರ್ ಸರಿಯಾಗಿದೆ ಎಂದರ್ಥವಂತೆ. ಕೆಟ್ಟರೆ ಒಳ್ಳೆಯದು ಎಂಬ ಈ ಲೆಕ್ಕ ನನ್ನ ತಲೆಗೆ ಹತ್ತಲಿಲ್ಲ. ಕೊನೆಯದನ್ನು ಕಿತ್ತಾಗ ಏನೂ ಬದಲಾಗಲಿಲ್ಲ. ಕೆಟ್ಟಿದ್ದು ಅದೇ. ವೈರು ಸೇರುವಲ್ಲಿ ಹಸಿರು ಕಿಲುಬು, ಪಕ್ಕದಲ್ಲಿ ತೆಂಗಿನ ನಾರು.

"ಇಲ್ಲಿ ಕಾಯಿ ನೀರು ಯಾರ್ ಬಿಟ್ಟಾರ್ರಿ?" ಅಂದ.

ಹಿಂದಿನ ಸೀಟಿನಿಂದ ಅತ್ತೆ, "ಏನಂತಾನ ಅಂವಾ?" ಎಂದು ಕೇಳಿದರು.

"ಏನಿಲ್ರಿ, ಒಂದು ಸಾಮಾನು ಹಳೇದಾಗೇತಂತ," ಅಂದೆ.

ಹೊಸ ಇಂಜೆಕ್ಟರ್ ಹಾಕಿಸಿದ ಮೇಲೆ ಕಾರು ನಡುಗಲಿಲ್ಲ. ತಮ್ಮ ಪೂಜೆ ಫಲಿಸಿತೆಂದು ಅತ್ತೆಗೆ ಖುಷಿ. ಮುಂದಿನ ಅಮಾವಾಸ್ಯೆಗೆ ಮತ್ತೆ ಕಾಯಿ ಹಿಡಿದು ನಿಂತರು.

"ಈ ಸಲ ಗಾಲಿಗೆ ಬಿಡ್ರಿ ಅತ್ತಿ, ಎಂಜಿನ್‌ಗೆ ಬ್ಯಾಡ," ಅಂದೆ.

"ಯಾಕ? ನಾ ಇಲ್ಲದ ದಿನ ದವಾಖಾನಿಯಿಂದ ನೀ ಒಬ್ಬಾಕಿನ ಹೊಳ್ಳಿ ಬರಬೇಕಾಗ್ತದ. ಅವತ್ತು ಗಾಡಿ ನಡು ದಾರ್ಯಾಗ ನಿಂದರಬಾರ್ದು. ಅದನ್ನ ಬೇಡ್ಕೊಂಡು ಬಿಡ್ತೇನಿ."

ಬಾನೆಟ್ ತೆಗೆದೆ. ಅವರು ಕಾಯಿ ಒಡೆದು ಬಗ್ಗಿಸುವಾಗ ಇಂಜೆಕ್ಟರುಗಳ ಮೇಲೆ ಎರಡೂ ಕೈ ಬೊಗಸೆ ಒಡ್ಡಿ, ಬಿದ್ದ ನೀರನ್ನೆಲ್ಲ ಕುಡಿದುಬಿಟ್ಟೆ.