ಸಿಟ್ಟು ತೊಳೆದ ಮೇಲೇ ಟಂಟಂ ಹತ್ತಬೇಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಹಾಪುರದ ಹೊರಗೆ ಬೇವಿನ ಮರದ ಕೆಳಗೆ ರಾಮಲಿಂಗ ಅವರ ಟಂಟಂ ಆಟೊ ಗಡಗಡ ನಡುಗುತ್ತ ನಿಂತಿದೆ. ಭತ್ತದ ಸಸಿ ಹಚ್ಚುವ ಹೆಂಗಸರು ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಒತ್ತೊತ್ತಾಗಿ ಕುಳಿತಿದ್ದಾರೆ. ಇವರ ಬಗ್ಗೆ ಬರೆಯಲು ಬಂದ ನನಗೂ ಅಂಚಿನಲ್ಲಿ ಒಂದು ಜಾಗ ಸಿಕ್ಕಿದೆ; ಅರ್ಧ ಒಳಗೆ, ಅರ್ಧ ಹೊರಗೆ. ಆದರೆ ಗಾಡಿ ಹೊರಡುತ್ತಿಲ್ಲ. ಗುಂಪಿನ ಮುಂದಾಳು ಸುವಾರ್ತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಳಗೇ ನಿಂತು, ಓಣಿಯ ತಿರುವನ್ನೇ ನೋಡುತ್ತಿದ್ದಾರೆ.

"ಯಕ್ಕಾ, ಹೊತ್ತಾತು. ಬರಾಕಿ ಆಗಿದ್ರ ಇಷ್ಟೊತ್ತಿಗೆ ಬರ್ತಿದ್ಳು," ಎನ್ನುತ್ತಾರೆ ರಾಮಲಿಂಗ.

"ನಿಂದ್ರೋ ಜರಾ. ಜರಾ ನಿಂತ್ರ ನಿನ್ನ ಗಂಟೇನ ಹೋಗ್ತದ?" ಸುವಾರ್ತಮ್ಮ ತಿರುಗಿಯೂ ನೋಡುವುದಿಲ್ಲ.

ಬರಬೇಕಾದವರು ಚಂದಮ್ಮ. ಸಸಿ ಹಚ್ಚುವುದರಲ್ಲಿ ಅವರಷ್ಟು ಚುರುಕು ಕೈ ಈ ಸುತ್ತಿನಲ್ಲಿ ಇನ್ನೊಂದಿಲ್ಲ. ಹೋದ ಮಳೆಗಾಲದಲ್ಲಿ ಸುವಾರ್ತಮ್ಮನವರ ಮೇಲೆ ಮನಸ್ಸು ಮುರಿದುಕೊಂಡು, ಅರ್ಧ ಗುಂಪನ್ನೇ ಕರೆದುಕೊಂಡು ಹೋದವರು ಇವರು. ಇವತ್ತು ಈ ವರ್ಷದ ನಾಟಿಯ ಮೊದಲ ದಿನ. ಅವರು ಬಂದರೆ ಇಬ್ಬರೂ ಒಂದಾದರು ಎಂದು ಲೆಕ್ಕ. ಬರದಿದ್ದರೆ ಆ ಮುರಿದ ಮನಸ್ಸು ಮತ್ತೆ ಕೂಡುವುದು ಕಷ್ಟ. ಕೊನೆಗೆ ರಾಮಲಿಂಗ ಗೇರ್ ಹಾಕುತ್ತಾರೆ. ಚಂದಮ್ಮ ಬಂದಿಲ್ಲ. ಸುವಾರ್ತಮ್ಮ ಹತ್ತಿ ಕೂರುತ್ತಾರೆ.

ಸುವಾರ್ತಮ್ಮ ಹುಟ್ಟಿದ್ದು ಯಾದಗಿರಿ ಬಳಿಯ ರಾಮಸಮುದ್ರದಲ್ಲಿ. ತಾಯಿ ರೊಟ್ಟಿ ಬಡಿಯುವಾಗ ತಂದೆ ಅಮಾತೆಪ್ಪ ಒಲೆಯ ಬೆಳಕಿನಲ್ಲಿ ದೇವರ ವಾಕ್ಯ ಗಟ್ಟಿಯಾಗಿ ಓದುತ್ತಿದ್ದರಂತೆ. ಶಾಲೆ ಅರ್ಧಕ್ಕೇ ಬಿಟ್ಟ ಮಗಳಿಗೆ ವಾಕ್ಯವೆಲ್ಲ ಕಿವಿಯಿಂದಲೇ ಬಂತು. ಮದುವೆಯಾಗಿ ಶಹಾಪುರಕ್ಕೆ ಬಂದರು. ಹಮಾಲಿ ಮಾಡುತ್ತಿದ್ದ ಗಂಡನ ಮೇಲೆ ಒಂದು ದಿನ ಹತ್ತಿಯ ದೊಡ್ಡ ಮೂಟೆ ಉರುಳಿ ಸೊಂಟ ಹೋಯಿತು. ಅಂದು ಕೆಸರಿಗೆ ಇಳಿದ ಹೆಣ್ಣುಮಗಳು ಇಂದಿಗೂ ಕೆಸರಿನಲ್ಲೇ ಇದ್ದಾರೆ. ಈಗ ಮನೆಯಲ್ಲಿ ರೊಟ್ಟಿ ಬಡಿಯುವುದು ಗಂಡನ ಪಾಳಿ. ರೊಟ್ಟಿ ದಪ್ಪ ಎಂದು ಗುಂಪಿನವರೆಲ್ಲ ಆಡಿಕೊಳ್ಳುತ್ತಾರೆ, ತಿನ್ನುವುದನ್ನು ಮಾತ್ರ ಬಿಡುವುದಿಲ್ಲ.

ನಾಟಿ ಎಂದರೆ ನೋಡುವವರಿಗೆ ಚಂದ. ಮಾಡುವವರನ್ನು ಕೇಳಬೇಕು! ದಿನವಿಡೀ ಬಗ್ಗಿದ ಬೆನ್ನು, ಹಿಂದೆ ಹಿಂದೆ ಸರಿಯುವ ಕಾಲು, ಬೆರಳಸಂದಿಯಲ್ಲಿ ಹುಣ್ಣು. ಇಪ್ಪತ್ತು ಮಂದಿ ಕೂಡಿದರೆ ಸಂಜೆಯ ಹೊತ್ತಿಗೆ ಎರಡೆಕರೆ ಮುಗಿದೀತು. ಸಾಲು ಒತ್ತಿದಳು, ಕೆಸರು ಸಿಡಿಸಿದಳು, ಬುತ್ತಿ ಮೊದಲು ಬಿಚ್ಚಿದಳು ಎಂದು ಜಗಳ ಏಳುವುದಕ್ಕೆ ಏನು ಬೇಕಾದರೂ ಸಾಕು.

ಅದಕ್ಕೇ ಸುವಾರ್ತಮ್ಮನವರ ಗುಂಪಿನಲ್ಲಿ ಒಂದು ಕಾಯಿದೆ ಇದೆ. ಹಗಲು ಜಗಳವಾಡಿದವರು ಹೊತ್ತು ಮುಳುಗುವುದರೊಳಗೆ ಕಾಲುವೆಯ ದಂಡೆಯಲ್ಲಿ ಒಬ್ಬರ ಕಾಲಿನ ಕೆಸರು ಇನ್ನೊಬ್ಬರು ತೊಳೆಯಬೇಕು. ಅಲ್ಲಿಯವರೆಗೆ ಟಂಟಂ ಹೊರಡುವಂತಿಲ್ಲ.

"ನಮ್ಮ ವಾಕ್ಯದಾಗ ಅದರಿ, ಸಿಟ್ಟ ಇಟ್ಕೊಂಡ ಹೊತ್ತ ಮುಳುಗಸಬ್ಯಾಡಾಂತ," ಎನ್ನುತ್ತಾರೆ ಸುವಾರ್ತಮ್ಮ. "ಯೇಸುಸ್ವಾಮಿ ತನ್ನ ಶಿಷ್ಯರ ಕಾಲ ತೊಳದಾನ. ಅವರ ಕಾಲಿಗೆ ಧೂಳ ಇತ್ತು, ನಮ್ಮ ಕಾಲಿಗೆ ಕೆಸರ ಅದ. ಅಷ್ಟ ಫರಕ."

ಹಾಗೆಂದು ಇಲ್ಲಿ ಯಾರೂ ಯಾರಿಗೂ ಉಪದೇಶ ಮಾಡುವುದಿಲ್ಲ. ಚಂದಮ್ಮ ಸೋಮವಾರ ಒಪ್ಪತ್ತು ಇರುವವರು, ಗೌಹರಬೇಗಂ ರೋಜಾ ಹಿಡಿಯುವವರು, ಸುವಾರ್ತಮ್ಮ ಭಾನುವಾರ ಚರ್ಚಿಗೆ ಹೋಗುವವರು. ಕಾಲು ತೊಳೆಯುವುದು ಮಾತ್ರ ಎಲ್ಲರಿಗೂ ಒಂದೇ.

"ಮೊದಲ ನಾನೂ ನಕ್ಕಿದ್ದೆರಿ," ಎಂದು ನನ್ನ ಪಕ್ಕದಲ್ಲಿ ಕುಳಿತ ಗೌಹರಬೇಗಂ ಹೇಳುತ್ತಾರೆ. "ಒಂದಿನ ನಂದೂ ಮಲ್ಲೇಶ್ವರೀದೂ ಜೋರ ಜಗಳಾತು. ಸಂಜೀಕ ಆಕಿ ಕಾಲ ಹಿಡದ ನೋಡ್ತೀನಿ, ಬೆರಳಸಂದ್ಯಾಗ ಹುಣ್ಣಾಗಿ ಕೆಂಪಗ ಆಗ್ಯಾದ. ಆ ಹುಣ್ಣ ಇಟ್ಕೊಂಡ ದುಡದಾಳ. ಮತ್ತೇನ ಸಿಟ್ಟ ಮಾಡ್ಲಿ, ಹೇಳ್ರಿ."

ಇಂಥ ಕಾಯಿದೆ ಮಾಡಿದವರೇ ಅದನ್ನು ಮುರಿದರು. ಹೋದ ವರ್ಷ ವಿಶ್ವರಾಧ್ಯ ಎಂಬ ರೈತರ ಗದ್ದೆಯಲ್ಲಿ ನಾಟಿ ನಡೆದಿತ್ತು. ಬದುವಿನ ಆಚೆ ಅವರ ಸಸಿಮಡಿ, ಈಚೆ ಪಕ್ಕದ ಹೊಲದವರದು. ಮಬ್ಬುಗತ್ತಲಲ್ಲಿ ಸುವಾರ್ತಮ್ಮ ಈಚೆಯದಕ್ಕೇ ಬೆರಳು ತೋರಿಸಿದರು. ಚಂದಮ್ಮ ಅದನ್ನೇ ಕಿತ್ತು ಕಟ್ಟು ಕಟ್ಟಿದರು. ಅರ್ಧ ಗದ್ದೆ ಹಚ್ಚಿದ ಮೇಲೆ ವಿಶ್ವರಾಧ್ಯ ಬಂದು ನೋಡಿದರೆ, ತಮ್ಮ ಗದ್ದೆಯಲ್ಲಿ ಮಂದಿಯ ಸಸಿ! ಅವರು ಕೂಗಾಡಿದರು. ಸುವಾರ್ತಮ್ಮ ಎಲ್ಲರೆದುರು ಚಂದಮ್ಮನ ಕಡೆ ತಿರುಗಿ, "ನಿನಗೇನ ಕಣ್ಣ ಕಾಣಂಗಿಲ್ಲೇನು?" ಎಂದುಬಿಟ್ಟರು.

"ಬೆರಳ ತೋರಿಸ್ದಾಕಿ ನಾನ ಅಂತ ಆಗಲೇ ಗೊತ್ತಿತ್ರಿ ನನಗ," ಎನ್ನುವಾಗ ಸುವಾರ್ತಮ್ಮನವರ ದನಿ ಇಳಿಯುತ್ತದೆ. "ಖರೇ ಹೇಳಿದ್ರ ಗದ್ದಿ ಕೈ ಬಿಡ್ತದಂತ ಅಂಜಿದೆ. ಆಕಿ ಕೈಯಾಗಿನ ಸಸಿ ಇಟ್ಟು, ಕಾಲುವಿ ದಂಡಿ ಹಿಡದ ನಡಕೋತ ಹೋದ್ಳು. ಅರ್ಧ ಮಂದಿ ಆಕಿ ಹಿಂದ ಹೋದ್ರು. ಅವತ್ತ ಹೊತ್ತ ಮುಳುಗಿಬಿಡ್ತು."

ಮುಂದೆ ಚಳಿಗಾಲದಲ್ಲಿ ಚರ್ಚಿನ ಸುಗ್ಗಿ ಹಬ್ಬ ಬಂತು. ಕ್ರೈಸ್ತ ಕುಟುಂಬಗಳು ಹೊಸ ಫಸಲನ್ನು ದೇವರಿಗೆ ಒಪ್ಪಿಸುವ ದಿನ. ಸುವಾರ್ತಮ್ಮ ಭತ್ತದ ಗಂಟು ಹೊತ್ತು ವೇದಿಯವರೆಗೆ ಹೋದರು, ಅಲ್ಲಿಗೆ ಹೋಗಿ ನಿಂತುಬಿಟ್ಟರು. ನಿನ್ನ ಮೇಲೆ ಯಾರಿಗಾದರೂ ಮನಸ್ತಾಪವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಹತ್ತಿರ ಹೋಗು ಎಂಬ ಮಾತು ತಂದೆಯ ದನಿಯಲ್ಲೇ ಕೇಳಿದಂತಾಯಿತಂತೆ. ಗಂಟು ವೇದಿಯ ಮುಂದಿಟ್ಟು ತಿರುಗಿ ನಡೆದರು. ಹಾಡುತ್ತಿದ್ದವರ ಹಾಡು ನಿಂತಿತು.

ನೇರ ಚಂದಮ್ಮನ ಮನೆಗೆ. ಚಂದಮ್ಮ ಹೊಸ್ತಿಲಲ್ಲೇ ನಿಲ್ಲಿಸಿದರು. "ಗದ್ಯಾಗ ಎಲ್ಲಾರ ಮುಂದ ಅಂದಿ, ಮನ್ಯಾಗ ಬಂದ ಒಬ್ಬಾಕಿ ಮುಂದ ಮಾಫಿ ಕೇಳ್ತೀಯೇನು? ಆ ಮಂದಿ ಮುಂದ ಕೇಳು."

ಮಾತು ನ್ಯಾಯದ್ದೇ. ಮರುದಿನ ಬೆಳಿಗ್ಗೆ ಸುವಾರ್ತಮ್ಮ ವಿಶ್ವರಾಧ್ಯರನ್ನೂ ಹಳೆಯ ಗುಂಪಿನವರನ್ನೂ ಕರೆದುಕೊಂಡು, ಚಂದಮ್ಮ ಹತ್ತಿ ಬಿಡಿಸುತ್ತಿದ್ದ ಹೊಲಕ್ಕೆ ಹೋದರು. "ತಪ್ಪ ಸಸಿಮಡಿ ತೋರಿಸ್ದಾಕಿ ನಾನು. ಚಂದಮ್ಮಕ್ಕಂದು ಏನೂ ತಪ್ಪಿಲ್ಲ. ಗೊತ್ತಿದ್ದೂ ಆಕಿ ಮ್ಯಾಲ ಹಾಕೀನಿ," ಎಂದು ಇಡೀ ಹೊಲಕ್ಕೆ ಕೇಳುವಂತೆ ಹೇಳಿದರು. ಇನ್ನು ಗದ್ದೆ ಕೈ ಬಿಟ್ಟಂತೆಯೇ ಎಂದುಕೊಂಡಿದ್ದರು. ವಿಶ್ವರಾಧ್ಯ ಮಾತ್ರ, "ಇಷ್ಟ ಖರೇ ಹೇಳೋ ಮಂದಿಗೆ ಗದ್ದಿ ಕೊಡದ ಮತ್ಯಾರಿಗೆ ಕೊಡ್ಲಿ?" ಎಂದರಂತೆ. ಆ ಮಾತು ಮುಗಿಯುವಷ್ಟರಲ್ಲಿ ಸುವಾರ್ತಮ್ಮ ಕೊಡದ ನೀರು ತಗೊಂಡು ಚಂದಮ್ಮನ ಕಾಲ ಬಳಿ ಕುಳಿತಾಗಿತ್ತು.

"ಏ, ಏಳು. ಮಂದಿ ಕುಡಿಯೋ ನೀರ ಹಾಳ ಮಾಡಬ್ಯಾಡ," ಎಂದರು ಚಂದಮ್ಮ. "ಹತ್ತಿ ಹೊಲದಾಗೇನ ತೊಳೀತಿ? ನಾಟಿ ಹೊತ್ತಿಗಿ ತೊಳಿ. ಆಗ ಕೆಸರಾದ್ರೂ ಇರ್ತದ."

ಅಷ್ಟೇ ಹೇಳಿ ಹತ್ತಿ ಬಿಡಿಸಲು ಬಗ್ಗಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಸಂಜೆ ಸುವಾರ್ತಮ್ಮ ಚರ್ಚಿಗೆ ಹೋದರೆ ಭತ್ತದ ಗಂಟು ಇಟ್ಟಲ್ಲೇ ಇತ್ತು. ಉಳಿದ ಕಾಣಿಕೆಗಳೆಲ್ಲ ಹಬ್ಬದ ರೂಢಿಯಂತೆ ಹರಾಜಾಗಿದ್ದವು. ಇದನ್ನು ಮಾತ್ರ ಪಾದ್ರಿ ಸಂಜೀವಕುಮಾರ ಅವರು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

ಈಗ ವಿಶ್ವರಾಧ್ಯರ ಗದ್ದೆಯಲ್ಲಿ ಹತ್ತು ಹೆಂಗಸರು ಕೆಸರಿಗೆ ಇಳಿದಿದ್ದಾರೆ. ಗದ್ದೆ ದೊಡ್ಡದು, ಕೈ ಕಡಿಮೆ. ಬಿಸಿಲು ಏರುತ್ತಿದೆ. ಸುವಾರ್ತಮ್ಮ ಸಸಿ ಹಚ್ಚುತ್ತ ಹಚ್ಚುತ್ತ ಕಾಲುವೆಯ ಕಡೆ ಕಣ್ಣು ಹಾಯಿಸುವುದನ್ನು ನಾನು ಬದುವಿನ ಮೇಲೆ ಕುಳಿತು ನೋಡುತ್ತಿದ್ದೇನೆ. ನನಗೇ ತಡೆಯಲಾಗುತ್ತಿಲ್ಲ, ಇನ್ನು ಅವರಿಗೆ ಹೇಗಿರಬೇಡ!

"ಅಗೋ!" ಎಂದು ಮೊದಲು ಕೂಗಿದವರು ಗೌಹರಬೇಗಂ.

ಕಾಲುವೆಯ ದಂಡೆ ಹಿಡಿದು ಸಾಲಾಗಿ ಹೆಂಗಸರು ಬರುತ್ತಿದ್ದಾರೆ. ಎಲ್ಲರಿಗಿಂತ ಮುಂದೆ, ಸೀರೆ ಮೇಲಕ್ಕೆ ಕಟ್ಟಿ, ಚಂದಮ್ಮ. ಅವರ ಹಿಂದೆ, ಅಂದು ಜೊತೆಗೆ ಹೋಗಿದ್ದ ಅರ್ಧ ಗುಂಪು ಪೂರ್ತಿ. ಗದ್ದೆಯಲ್ಲಿದ್ದವರೆಲ್ಲ ಬೆನ್ನು ನೆಟ್ಟಗೆ ಮಾಡಿ, ಕೈಯಲ್ಲಿದ್ದ ಸಸಿ ಎತ್ತಿ ಹಿಡಿದು ಕೂಗುತ್ತಾರೆ. ನಾನೂ ಎದ್ದು ನಿಂತಿದ್ದೇನೆ, ಯಾಕೆಂದು ಕೇಳಬೇಡಿ.

"ಟಂಟಂ ನಿಂದರ್ಸಿದ್ನೆಲ್ಲಕ್ಕಾ, ಯಾಕ ಬರಲಿಲ್ಲ?" ಸುವಾರ್ತಮ್ಮನವರ ಕಣ್ಣು ತುಂಬಿದೆ.

"ಅವತ್ತ ನಡಕೋತ ಹೋಗೀನಿ. ಇವತ್ತ ನಡಕೋತ ಬಂದೀನಿ," ಎನ್ನುತ್ತಾರೆ ಚಂದಮ್ಮ. "ಸಸಿಮಡಿ ಯಾವುದು? ಈ ಸಲ ಬರೋಬರಿ ತೋರ್ಸು."

ಗದ್ದೆಗೆ ಗದ್ದೆಯೇ ನಗುತ್ತದೆ. ಆಮೇಲೆ ನಡೆದ ಕೆಲಸವನ್ನು ನೋಡಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಸಾಲಿನ ವಿಷಯಕ್ಕೆ ಇಬ್ಬರೂ ಮತ್ತೆ ಜಗಳವಾಡಿದರು ಎನ್ನುವುದನ್ನೂ ಇಲ್ಲಿ ಹೇಳಲೇಬೇಕು. ಸಂಜೆಗೆ ಅಂದುಕೊಂಡ ಗದ್ದೆಯೆಲ್ಲ ಹಸಿರಾಗಿದೆ.

ಹೊತ್ತು ಇನ್ನೂ ಮುಳುಗಿಲ್ಲ. ಕಾಲುವೆಯ ಕಲ್ಲಿನ ಮೇಲೆ ಕುಳಿತ ಚಂದಮ್ಮ ಮೊಣಕಾಲವರೆಗೆ ಕೆಸರಾದ ಕಾಲು ನೀಡುತ್ತಾರೆ. ಸುವಾರ್ತಮ್ಮ ಬೊಗಸೆಯಲ್ಲಿ ನೀರು ಹಾಕಿ, ಹಿಮ್ಮಡಿ ಉಜ್ಜಿ, ಬೆರಳಸಂದಿ ಒಂದೊಂದನ್ನೇ ತೊಳೆಯುತ್ತಾರೆ. ತಡವಾದರೂ ರಾಮಲಿಂಗ ಹಾರ್ನ್ ಒತ್ತುವುದಿಲ್ಲ.

ತೊಳೆದಾದ ಮೇಲೆ ಚಂದಮ್ಮ ಎದ್ದು, "ಈಗ ನೀ ಕುಂದ್ರು, ಕಾಲ ಚಾಚು," ಎನ್ನುತ್ತಾರೆ.

"ನೀ ಏನ ತಪ್ಪ ಮಾಡೀದಿಯಕ್ಕಾ?"

"ಒಂದ ವರ್ಷ ಸಿಟ್ಟ ಇಟ್ಕೊಂಡ ಕುಂತಿದ್ನೆಲ್ಲ. ಸುಮ್ನ ಚಾಚು."

ಟಂಟಂ ತುಂಬಿ ತುಳುಕುತ್ತಿದೆ. ನನ್ನ ಅರ್ಧ ಜಾಗವೂ ಹೋಗಿದೆ. ಉಳಿದವರ ಜೊತೆ ಇನ್ನೊಂದು ಗಾಡಿಗೆ ಕಾಯಬೇಕು. ಚಂದಮ್ಮನ ಮಗ್ಗುಲಲ್ಲಿ ಒತ್ತಿಕೊಂಡು ಕುಳಿತ ಸುವಾರ್ತಮ್ಮನವರನ್ನು, ಇನ್ನು ನಿಮಗೇನು ಆಸೆ ಎಂದು ಕೇಳುತ್ತೇನೆ. ಅವರು ಗಾಡಿಯನ್ನೊಮ್ಮೆ, ದಂಡೆಯ ಮೇಲೆ ಉಳಿದವರನ್ನೊಮ್ಮೆ ನೋಡಿ ಬಾಯ್ತುಂಬ ನಗುತ್ತಾರೆ.

"ನಾಳಿಂದ ರಾಮಲಿಂಗ ಎರಡ ಟ್ರಿಪ್ ಹೊಡೀಬೇಕ್ರಿ. ನಮ್ಮ ಮಂದಿ ಒಂದ ಗಾಡ್ಯಾಗ ಹಿಡಸಂಗಿಲ್ಲ."