ಕರಡಿ ಹೇಳಿದ ಸಾಕ್ಷಿ

ಅಂಕೋಲೆಯ ಬೊಬ್ರುವಾಡದಿಂದ ಸಮುದ್ರದ ಕಡೆಗೆ ಇಳಿಯುವ ಹಾದಿಯಲ್ಲಿ ಮೀನುಗಾರರ ಹದಿನೆಂಟು ಮನೆಗಳ ಒಂದು ಕೇರಿಯಿದೆ. ಆ ಕೇರಿಯ ಮಕ್ಕಳು ಅನ್ನ ಉಣ್ಣಬೇಕಾದರೆ ಸಾರು ಬೇಕು, ಮೀನು ಬೇಕು, ಜೊತೆಗೆ ದತ್ತಾ ತಾಂಡೇಲನ ಹೆಸರು ಬೇಕು. ಸಾರಿಗೆ ಉಪ್ಪು ಕಡಿಮೆಯಾದರೂ ನಡೆಯುತ್ತದೆ, ಮೀನಿಲ್ಲದ ದಿನವೂ ಹೇಗೋ ಕಳೆಯುತ್ತದೆ. ಆದರೆ ‘ಉಣ್ತ್ಯಾ, ದತ್ತಾನ ಕರೀಲಾ’ ಎಂಬ ಮಾತಿಲ್ಲದೆ ಕೊನೆಯ ತುತ್ತು ಯಾವ ಮಗುವಿನ ಗಂಟಲಲ್ಲೂ ಇಳಿಯುವುದಿಲ್ಲ. ಬೇರೆ ಊರಿನ ತಾಯಂದಿರಿಗೆ ಗುಮ್ಮನನ್ನು ಕಲ್ಪಿಸಿಕೊಳ್ಳುವ ತಾಪತ್ರಯವಾದರೂ ಇದೆ. ಇವರಿಗೆ ಅದೂ ಇಲ್ಲ. ಇವರ ಗುಮ್ಮ ಕೇರಿಯ ಕೊನೆಯ ಮನೆಯ ಜಗುಲಿಯಲ್ಲಿ ಕುಳಿತು ಇವರದೇ ಹರಿದ ಬಲೆಗಳನ್ನು ಹೆಣೆದು ಕೊಡುತ್ತಿರುತ್ತಾನೆ.

ದತ್ತಾನಿಗೆ ಈಗ ಐವತ್ತೆಂಟು. ಮೂವತ್ತರ ಹೊತ್ತಿಗೆ, ಕಾರವಾರದ ಬೈತಖೋಲದಿಂದ ಹೊರಟ ಬೋಟೊಂದರಲ್ಲಿ ಬಲೆ ಎಳೆಯುವ ತಂತಿಹಗ್ಗ ತುಂಡಾಗಿ ಬಂದು ಅವನ ಎಡಗೆನ್ನೆಯನ್ನು ತುಟಿಯಿಂದ ಕಿವಿಯವರೆಗೆ ಸೀಳಿತು. ಹೊಲಿಗೆ ಹಾಕಿದ ಮೇಲೆ ತುಟಿ ಒಂದು ಕಡೆ ಮೇಲಕ್ಕೆ ಎಳೆದುಕೊಂಡು ಹಾಗೇ ನಿಂತುಬಿಟ್ಟಿತು. ಅಂದಿನಿಂದ ಅವನು ಸುಮ್ಮನಿದ್ದರೆ ಅಣಕಿಸುವಂತೆ, ನಕ್ಕರೆ ಬೈಯುವಂತೆ ಕಾಣುತ್ತಾನೆ. ಹೆಣ್ಣು ನೋಡಲು ಎರಡು ಕಡೆ ಹೋಗಿದ್ದೂ ಆಯಿತು. ಎರಡು ಕಡೆಯೂ ಚಹಾ ಕೊಟ್ಟು ಕಳಿಸಿದರು. ಚೆಂಡಿಯಾ ಊರಿನಲ್ಲಿದ್ದ ಅವರ ಮನೆಯ ಜಾಗ ನೌಕಾನೆಲೆಗೆ ಹೋದಾಗ ತಾಯಿ ಹೀರಾಬಾಯಿಯನ್ನು ಕರೆದುಕೊಂಡು ಈ ಕೇರಿಗೆ ಬಂದ. ತಾಯಿ ಇರುವವರೆಗೆ ಅವಳ ಹತ್ತಿರ ಹರಟಲು ನಾಲ್ಕು ಜನ ಬರುತ್ತಿದ್ದರು. ಅವಳು ತೀರಿಕೊಂಡು ಹನ್ನೊಂದು ವರ್ಷವಾಯಿತು. ಈಗ ಬಲೆ ತಂದವರು ಅಂಗಳದಲ್ಲೇ ನಿಂತು ಹರಿದ ಜಾಗ ತೋರಿಸಿ, ನಾಳೆಗೆ ಆದೀತೇ ಎಂದು ಕೇಳಿ ಹೋಗುತ್ತಾರೆ. ‘ಮುಖ ನೋಡಿ ಮಣೆ ಹಾಕು’ ಎಂದು ಗಾದೆ ಮಾಡಿದವರು ಯಾರೋ, ಅವರ ಮುಖ ಚೆನ್ನಾಗಿದ್ದಿರಬೇಕು.

ಇಂಥ ದತ್ತಾ ವರ್ಷಕ್ಕೊಂದು ದಿನ ಕರಡಿಯಾಗುತ್ತಾನೆ. ಹೋಳಿಯ ಹೊತ್ತಿಗೆ ಸುಗ್ಗಿಯ ಮೇಳ ಗುಮಟೆ ಬಾರಿಸುತ್ತ ಮನೆಮನೆಗೆ ಹೋಗುವಾಗ, ಈ ಕೇರಿಯಲ್ಲಿ ಅದರ ಹಿಂದೆ ಒಂದು ಕರಡಿ ಹೊರಡುವುದು ಪದ್ಧತಿ. ಗೋಣಿಚೀಲದ ಮೇಲೆ ಹಳೆಯ ಕಪ್ಪು ಬಲೆಯ ನೂಲು ಬಿಚ್ಚಿ ಹೊಲಿದ ಕೂದಲು, ಹಗುರ ಮರದಲ್ಲಿ ಕೆತ್ತಿದ ಮೋರೆ. ಯಾವುದಕ್ಕಾದರೂ ಹೆದರಿದ ಮಕ್ಕಳು ಆ ಹೆದರಿಕೆಯನ್ನು ಕರಡಿಯ ಕಿವಿಯಲ್ಲಿ ಹೇಳಬೇಕು. ಕರಡಿ ಗುರ್ ಎಂದು ತಲೆಯಾಡಿಸಿ, ಮಗುವನ್ನು ಬೆನ್ನ ಮೇಲೆ ಕೂರಿಸಿಕೊಂಡು ಅಂಗಳಕ್ಕೆ ಒಂದು ಸುತ್ತು ಬರುತ್ತದೆ. ಸಂಜೆ ಸಮುದ್ರಕ್ಕಿಳಿದು ಎಲ್ಲರ ಹೆದರಿಕೆಯನ್ನೂ ಅಲ್ಲೇ ಬಿಟ್ಟುಬರುತ್ತದೆ. ಕರಡಿ ಎಂದೂ ಮಾತಾಡಬಾರದು, ಒಳಗೆ ಯಾರಿದ್ದಾರೆಂದು ಮಕ್ಕಳಿಗೆ ಯಾರೂ ಹೇಳಬಾರದು. ಮೊದಲು ಮಾಸ್ತಿ ಎಂಬ ಹಿರಿಯರು ಕರಡಿಯಾಗುತ್ತಿದ್ದರು. ಮೊಣಕಾಲು ಹಿಡಿದುಕೊಂಡ ಮೇಲೆ ವೇಷವನ್ನು ದತ್ತಾನಿಗೆ ಒಪ್ಪಿಸುತ್ತ, ‘ನಿಂಗೆ ಮೋರೆ ಮುಚ್ಕಂಡ್ರೇ ಲಾಯ್ಕ’ ಎಂದು ತಮಾಷೆ ಮಾಡಿದರು. ಇಡೀ ಕೇರಿ ನಕ್ಕಿತು. ದತ್ತಾನೂ ನಕ್ಕನೆಂದು ಹೇಳುತ್ತಾರೆ. ಅವನ ಮುಖದಲ್ಲಿ ಅದನ್ನು ಗುರುತಿಸುವುದು ಅಷ್ಟು ಸುಲಭವಲ್ಲ.

ಆ ಗೋಣಿಯೊಳಗೆ ಹೋಳಿಯ ಬಿಸಿಲಿನಲ್ಲಿ ಜೀವ ಬೆಂದುಹೋಗುತ್ತದೆ. ಆದರೆ ಮುನ್ನೂರ ಅರವತ್ನಾಲ್ಕು ದಿನ ಅವನನ್ನು ಕಂಡೊಡನೆ ತಾಯಿಯ ಸೆರಗಿನ ಹಿಂದೆ ಅಡಗುವ ಮಕ್ಕಳು ಆ ಒಂದು ದಿನ ಸಾಲುಗಟ್ಟಿ ನಿಂತು ಅವನ ಕೊರಳು ತಬ್ಬಿಕೊಳ್ಳುತ್ತಿದ್ದರು. ಅದಕ್ಕಾಗಿ ಅವನು ಇನ್ನೆರಡು ಗೋಣಿ ಹೊದೆಯಲೂ ತಯಾರಿದ್ದ. ಒಬ್ಬನಿಗೆ ಗುಡುಗಿನ ಹೆದರಿಕೆ, ಇನ್ನೊಬ್ಬಳಿಗೆ ಬಚ್ಚಲಿನ ಹಲ್ಲಿಯ ಹೆದರಿಕೆ. ಪ್ರತಿ ವರ್ಷ ಎರಡು ಮೂರು ಮಕ್ಕಳಾದರೂ ಅವನದೇ ಹೆಸರು ಹೇಳುತ್ತಿದ್ದರು. ಅದಕ್ಕೂ ಅವನು ಗುರ್ ಎನ್ನುತ್ತಿದ್ದ. ಸಂಜೆ ತನ್ನನ್ನು ತಾನೇ ಹೊತ್ತುಕೊಂಡು ಹೋಗಿ ಸಮುದ್ರಕ್ಕೆ ಬಿಟ್ಟು, ತಾನೇ ಮನೆಗೆ ವಾಪಸು ಬರುತ್ತಿದ್ದ.

ಹೋದ ವರ್ಷ ಪಕ್ಕದ ಮನೆಯ ಲತಾಳ ಮಗಳು ಚಂದನಾ ಕಿವಿಯ ಹತ್ತಿರ ಬಂದಳು. ಐದು ವರ್ಷದ ಹುಡುಗಿ. ಬಲೆ ಹೆಣೆಯುವ ದತ್ತಜ್ಜ ತನ್ನನ್ನು ಬಲೆಯಲ್ಲಿ ಕಟ್ಟಿ ಒಯ್ಯುತ್ತಾನಂತೆ, ಅವನು ಇಲ್ಲದೇ ಹೋದರೆ ಚಲೋ ಎಂದಳು. ಹೇಳುತ್ತ ಅವಳು ಗೋಣಿಯ ಕೊರಳನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು. ಇಷ್ಟು ವರ್ಷ ನಡೆಸಿಕೊಂಡು ಬಂದ ನೇಮವನ್ನು ದತ್ತಾ ಅಲ್ಲಿ ಮುರಿದ.

“ಅಂವ ಒಳ್ಳೇಂವ,” ಎಂದಿತು ಕರಡಿ. “ನಂಗೆ ಗೊತ್ತು. ಅಂವ ಯಾರ್ನೂ ಒಯ್ಯೂದಿಲ್ಲ.”

ಮರುದಿನ ಚಂದನಾ ಬೇಲಿಯ ಹತ್ತಿರ ಬಂದು ನಿಂತಳು. ನಾಲ್ಕನೆಯ ದಿನ ಬೇಲಿ ದಾಟಿದಳು. ಕರಡಿ ನಿನಗೆ ಪರಿಚಯವೇ ಎಂದು ಕೇಳಿದಳು. ಹೌದು ಎಂದ ದತ್ತಾ. ಒಂದು ಸುಳ್ಳು ಒಂಟಿಯಾಗಿ ಬದುಕುವುದಿಲ್ಲ, ತನ್ನ ಬಳಗವನ್ನೆಲ್ಲ ಕರೆಸಿಕೊಳ್ಳುತ್ತದೆ. ಕರಡಿ ಹಟ್ಟಿಕೇರಿಯ ಆಚೆಯ ಗುಡ್ಡದಲ್ಲಿರುತ್ತದೆ ಎಂದಾಯಿತು. ಮಳೆಗಾಲದಲ್ಲಿ ಅದಕ್ಕೆ ನೆಗಡಿ ಎಂದಾಯಿತು. ಅದು ಚಂದನಾಳನ್ನು ಕೇಳುತ್ತಿತ್ತು ಎಂದೂ ಆಯಿತು. ಅಂಗನವಾಡಿ ಬಿಟ್ಟ ಮೇಲೆ ಅವಳು ದಿನಾ ಆ ಜಗುಲಿಗೆ ಬಂದು, ಅವನ ತೊಡೆಗೆ ಒರಗಿಕೊಂಡು ನೂಲಿನ ಉಂಡೆ ಸುತ್ತತೊಡಗಿದಳು. ಲತಾ ಅಂಕೋಲೆ ಪೇಟೆಯಲ್ಲಿ ಮೀನು ಮಾರಿ ಬಂದು ಬೇಲಿಯಾಚೆಯಿಂದ ಒಂದು ಕಣ್ಣಿಟ್ಟೇ ಇರುತ್ತಿದ್ದಳು. ಮಗಳನ್ನು ವಾಪಸು ಕರೆಯಲಿಲ್ಲ, ಅವನನ್ನು ಮಾತಾಡಿಸಲೂ ಇಲ್ಲ. ಚಂದನಾ ಕರಡಿಗೆಂದು ಬಾಳೆಹಣ್ಣು, ಬಿಸ್ಕೀಟು ತಂದುಕೊಡುತ್ತಿದ್ದಳು. ಹಣ್ಣು ಕೊಳೆಯುತ್ತದೆಂದು ದತ್ತಾ ತಿಂದ. ಬಿಸ್ಕೀಟು ತಿನ್ನಲು ಮನಸ್ಸಾಗದೆ ತಾಯಿಯ ಎಲೆಅಡಿಕೆ ಡಬ್ಬಿಯಲ್ಲಿ ತುಂಬಿಟ್ಟ. ಅವಳು ಮನೆಗೆ ಹೋದ ಮೇಲೆ ಜಗುಲಿ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಹನ್ನೊಂದು ವರ್ಷ ಒಬ್ಬನೇ ಇದ್ದಾಗಲೂ ಅವನಿಗೆ ಹಾಗೆ ಆಗಿರಲಿಲ್ಲ.

ಡಿಸೆಂಬರಿನಲ್ಲಿ ಲತಾ ಮಗಳನ್ನು ಕಾರವಾರಕ್ಕೆ ಕರೆದೊಯ್ದಳು. ಅಲ್ಲೊಂದು ಅಂಗಡಿಯ ಬಾಗಿಲಲ್ಲಿ ಕೆಂಪು ಅಂಗಿ, ಹತ್ತಿಯ ಗಡ್ಡದ ಕ್ರಿಸ್‌ಮಸ್ ಅಜ್ಜ ಮಕ್ಕಳಿಗೆ ಪೇಪರಮೆಂಟು ಹಂಚುತ್ತಿದ್ದ. ವಾಪಸು ಬಂದ ಚಂದನಾ ದತ್ತಾನಿಗೆ ಗುಟ್ಟು ಹೇಳಿದಳು. ಅವನು ಅಜ್ಜನೇ ಅಲ್ಲವಂತೆ, ಒಳಗೆ ಯಾರೋ ಅಣ್ಣ ಇದ್ದನಂತೆ, ಹವಾಯಿ ಚಪ್ಪಲಿ ಕಂಡಿತಂತೆ. ಪೇಪರಮೆಂಟನ್ನು ಅವಳು ತಿನ್ನದೆ ಎಸೆದಿದ್ದಳು. ಸುಳ್ಳು ಹೇಳುವವರು ಕೊಟ್ಟದ್ದು ತನಗೆ ಬೇಡ, ನಮ್ಮ ಕರಡಿಗೆ ಚಪ್ಪಲಿ ಇಲ್ಲ, ಅದು ಖರೆ ಎಂದು ಹೇಳಿ ನೂಲು ಸುತ್ತಲು ಕುಳಿತಳು. ದತ್ತಾ ಆ ದಿನ ಬಲೆಯ ಕಣ್ಣುಗಳನ್ನು ಎರಡು ಸಲ ತಪ್ಪಾಗಿ ಹೆಣೆದು ಎರಡು ಸಲ ಬಿಚ್ಚಿದ.

ಹೋಳಿಗೆ ಎಂಟು ದಿನ ಉಳಿದಾಗ ಚಂದನಾ ಒಂದು ಏರ್ಪಾಟು ಮಾಡಿದಳು. ಈ ಸಲ ಕರಡಿಯನ್ನು ಇದೇ ಜಗುಲಿಗೆ ಕರೆತರುವುದು, ಅದನ್ನೂ ದತ್ತಜ್ಜನನ್ನೂ ಅಕ್ಕಪಕ್ಕ ಕೂರಿಸಿ ತಾನೇ ಇಬ್ಬರಿಗೂ ಅವಲಕ್ಕಿ ಬಡಿಸುವುದು. ಅಂಗನವಾಡಿಯಲ್ಲೆಲ್ಲ ಹೇಳಿಯೂ ಆಗಿತ್ತು. ದತ್ತಾ ಹೋಳಿಯ ದಿನ ತನಗೆ ಕಾರವಾರದಲ್ಲಿ ಕೆಲಸವಿದೆ ಎಂದ. ಅವಳು ಎದ್ದು ನಿಂತು ಅವನ ಒರಟು ಅಂಗೈಯನ್ನು ಎಳೆದುಕೊಂಡು ತನ್ನ ತಲೆಯ ಮೇಲಿಟ್ಟಳು.

“ಹಾಂಗಾರೆ ನನ್ನಾಣೆ ಹೇಳು,” ಎಂದಳು.

ಸುಳ್ಳು ಹೇಳುವುದು ಬೇರೆ, ಮಗುವಿನ ತಲೆ ಮುಟ್ಟಿ ಸುಳ್ಳು ಹೇಳುವುದು ಬೇರೆ. ದತ್ತಾ ಕೈ ಹಿಂದಕ್ಕೆ ತೆಗೆದ. ಅವನಿಗೆ ಒಂದು ಲೆಕ್ಕ ಚೆನ್ನಾಗಿ ತಿಳಿದಿತ್ತು. ಈ ಹುಡುಗಿ ಬೇಲಿ ದಾಟಿದ್ದು ಕರಡಿಯ ಮಾತು ನಂಬಿ. ಕರಡಿಯೇ ಇಲ್ಲವೆಂದರೆ ಆ ಮಾತೂ ಇಲ್ಲ, ಮಾತು ಹೋದ ಮೇಲೆ ಅವಳೇಕೆ ಬಂದಾಳು? ಹೇಳದಿದ್ದರೆ ಇನ್ನೊಂದು ವರ್ಷ ಹೀಗೇ ತಳ್ಳಬಹುದಿತ್ತು. ಆದರೆ ಅವಳು ಎಸೆದ ಪೇಪರಮೆಂಟು ಅವನ ಕಣ್ಣೆದುರಿಗೆ ಬಂತು. ಎಂದೋ ಒಂದು ದಿನ ಗೋಣಿಯ ಕೆಳಗಿನ ತನ್ನ ಹಿಮ್ಮಡಿಯನ್ನು ಅವಳು ಗುರುತಿಸದೆ ಇರುವುದಿಲ್ಲ.

ಅವನು ಒಳಗೆ ಹೋಗಿ ಅಟ್ಟದಿಂದ ಗಂಟು ಇಳಿಸಿ ತಂದು ಜಗುಲಿಯಲ್ಲಿ ಬಿಚ್ಚಿದ. ಕರಡಿ ಇಲ್ಲ, ಇದರೊಳಗೆ ತಾನೇ ಇರುವುದು ಎಂದು ಹೇಳಿಬಿಟ್ಟ. ಚಂದನಾ ಗಂಟಿನ ಹತ್ತಿರ ಸರಿದಳು. ಮರದ ಮೋರೆಯೊಳಗೆ ಕೈ ತೂರಿಸಿ ಕಣ್ಣಿನ ತೂತಿನಿಂದ ಒಂದು ಬೆರಳು ಹೊರಗೆ ಹಾಕಿ ನೋಡಿದಳು. ಆಮೇಲೆ ಒಂದೊಂದಾಗಿ ಕೇಳತೊಡಗಿದಳು. ಗುಡ್ಡದ ಕರಡಿ? ಗುಡ್ಡದಲ್ಲಿ ಇದ್ದರೆ ಬೇರೆ ಕರಡಿ ಇದ್ದೀತು, ಅದಕ್ಕೆ ನಮ್ಮ ಕೇರಿ ಗೊತ್ತಿಲ್ಲ ಎಂದ. ಬಾಳೆಹಣ್ಣು? ತಾನು ತಿಂದೆ ಎಂದ, ಬಿಸ್ಕೀಟಿನ ಡಬ್ಬಿ ತಂದು ಮುಂದಿಟ್ಟ. ಸಮುದ್ರಕ್ಕೆ ಹೆದರಿಕೆ ಬಿಡುವುದು? ಸಮುದ್ರಕ್ಕೆ ಹೋಗುವುದು ಹೌದು, ಅದು ಬೆವರು ತೊಳೆಯಲು ಎಂದ. ಹಾಗಾದರೆ ತಾನು ಕಿವಿಯಲ್ಲಿ ಹೇಳಿದ್ದು? ಅದು ಕೇಳಿಸಿತ್ತು ಎಂದ. ಅವಳ ಮುಖ ಕೆಂಪಾಯಿತು. ಅವನು ಇಲ್ಲದೇ ಹೋದರೆ ಚಲೋ ಎಂದದ್ದು ಇಬ್ಬರಿಗೂ ನೆನಪಿತ್ತು.

“ಹಾಂಗಾರೆ ನೀ ಒಳ್ಳೇಂವ ಅಂದದ್ದು ಯಾರು?”

“ನಾನೇ.”

“ಬೇರೆ ಯಾರೂ ಹೇಳ್ಲಿಲ್ವಾ?”

ದತ್ತಾ ನಿಜಕ್ಕೂ ಯೋಚಿಸಿದ. ಒಂದು ಹೆಸರು ಸಿಕ್ಕಿದ್ದರೂ ಹೇಳುತ್ತಿದ್ದ. ತಾಯಿ ಇದ್ದಿದ್ದರೆ ಹೇಳುತ್ತಿದ್ದಳು. ಬಲೆ ತರುವ ಕಿಶನ, ಮೊಣಕಾಲಿನ ಮಾಸ್ತಿ, ಹದಿನೆಂಟು ಮನೆಗಳನ್ನೂ ಮನಸ್ಸಿನಲ್ಲೇ ಒಂದು ಸುತ್ತು ಹಾಕಿ ಬಂದ. ಕೆಟ್ಟವನೆಂದು ಯಾರೂ ಅಂದಿರಲಿಲ್ಲ. ಕೆಲಸ ಚಲೋ ಮಾಡುತ್ತಾನೆ ಅಂದವರಿದ್ದರು. 

“ಯಾರೂ ಹೇಳ್ಲಿಲ್ಲ ಮಗಾ,” ಎಂದ.

ಚಂದನಾ ಎದ್ದು ಬೇಲಿ ದಾಟಿ ಮನೆಗೆ ಹೋದಳು. ಬೇಲಿಯಾಚೆ ಲತಾ ಹಿತ್ತಲ ಕಲ್ಲಿನ ಮೇಲೆ ಬಂಗಡೆ ಕೊಯ್ಯುತ್ತ ಕುಳಿತಿದ್ದಳು. ಮಗಳು ಅವಳ ಎದುರಿಗೆ ನಿಂತು, ದತ್ತಜ್ಜ ಒಳ್ಳೆಯವನೇ, ಕೆಟ್ಟವನೇ ಎಂದು ಕೇಳಿದ್ದು ಜಗುಲಿಗೂ ಕೇಳಿಸಿತು. ಲತಾಳ ಕೈಯಲ್ಲಿದ್ದ ಕತ್ತಿ ನಿಂತಿತು. ಅವಳು ಸಿಡುಕಿ ಮಗಳನ್ನು ಓಡಿಸಬಹುದಿತ್ತು, ಒಳ್ಳೆಯವರು ಹೋಗು ಎಂದು ಬಾಯುಪಚಾರಕ್ಕೆ ಹೇಳಿ ಮುಗಿಸಲೂಬಹುದಿತ್ತು. ಕೇರಿಯ ಬೇರೆ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಅವಳು ಮೀನಿನ ಕಡೆಗೇ ನೋಡುತ್ತ ಹೇಳಿದಳು.

“ಬಲೇಲಿ ಕಟ್ಟಿ ಒಯ್ತಾರೆ ಹೇಳಿ ನಾ ಹೇಳಿದ್ದು ಸುಳ್ಳು. ನೀ ಉಣ್ಲಿ ಹೇಳಿ ಹೇಳ್ದೆ. ಒಳ್ಳೇವ್ರು ಹೌದೋ ಅಲ್ವೋ ನಂಗೆ ಗೊತ್ತಿಲ್ಲ. ಮದಿವ್ಯಾಗಿ ಬಂದು ಒಂಬತ್ತು ವರ್ಷ ಆಯ್ತು, ಒಂದಿನಾನೂ ನಾ ಅವ್ರ ಹತ್ರ ಮಾತಾಡ್ಲಿಲ್ಲ.”

ದತ್ತಾ ಕರಡಿಯ ಗೋಣಿಯನ್ನು ಮಡಿಸುತ್ತಿದ್ದ. ಕೆಟ್ಟವನು ಎಂದಿದ್ದರೂ ಅವನು ತಡೆದುಕೊಳ್ಳುತ್ತಿದ್ದನೇನೋ. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಕೇರಿಯಲ್ಲಿ ಉಂಡು, ಮಲಗಿ, ಕೆಮ್ಮಿ, ಕೇರಿಯ ಬಲೆಗಳ ಒಂದೊಂದು ಕಣ್ಣನ್ನೂ ಬೆರಳಿನಿಂದ ಮುಟ್ಟಿದವನ ಬಗ್ಗೆ ಬೇಲಿಯಾಚೆಯವಳಿಗೆ ಏನೂ ಗೊತ್ತಿರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗಂಟು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಎನ್ನಿಸಿತು.

ಅಷ್ಟರಲ್ಲಿ ಚಂದನಾ ವಾಪಸು ಬಂದಳು. ಜಗುಲಿಯ ಮೆಟ್ಟಿಲಲ್ಲಿ ನಿಂತು ಅವನ ಮುಖವನ್ನು, ಸೀಳಿದ ಕೆನ್ನೆಯನ್ನೂ ಸೇರಿಸಿ, ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವ ಹಾಗೆ ನೋಡಿದಳು.

“ಆಯಿಗೆ ಗೊತ್ತಿಲ್ಲಂತೆ,” ಎಂದಳು. “ನಾನೇ ನೋಡಿ ಹೇಳ್ತೆ.”

ಹಾಗೆ ಹೇಳಿ ಕುಳಿತುಕೊಂಡಳು. ಮೊದಲಿನ ಹಾಗೆ ತೊಡೆಗೆ ಒರಗಿಕೊಂಡಲ್ಲ, ಜಗುಲಿಯ ಆ ತುದಿಯಲ್ಲಿ, ಕಂಬದ ಹತ್ತಿರ. ಅಲ್ಲಿಂದ ಕಣ್ಣು ತೆಗೆಯದೆ ಅವನನ್ನೇ ನೋಡತೊಡಗಿದಳು. ಬೇಲಿಯಾಚೆ ಮೀನು ಕೊಯ್ಯುವ ಸದ್ದು ಇನ್ನೂ ಮತ್ತೆ ಶುರುವಾಗಿರಲಿಲ್ಲ. ಒಳ್ಳೆಯವನು ಅನ್ನಿಸಿಕೊಳ್ಳಲು ಏನು ಮಾಡಬೇಕೆಂದು ದತ್ತಾನಿಗೆ ತಿಳಿಯಲಿಲ್ಲ. ಐವತ್ತೆಂಟು ವರ್ಷದಲ್ಲಿ ಅದನ್ನು ಯಾರೂ ಅವನಿಂದ ಕೇಳಿರಲಿಲ್ಲ. ಅವನು ಹರಿದ ಬಲೆಯನ್ನು ತೊಡೆಯ ಮೇಲೆ ಎಳೆದುಕೊಂಡ.