ಕಾರಿನಲ್ಲಿ ಉಳಿದ ಕರಡಿಗೆ

ನಮ್ಮತ್ತೆಯ ಸೊಂಟನೋವಿಗೆ ಸ್ಕ್ಯಾನ್ ಮಾಡಿಸಲೇಬೇಕು ಎಂದು ತಿಪಟೂರಿನ ಡಾಕ್ಟರು ಹೇಳಿ ಎಷ್ಟೋ ದಿನವಾಗಿತ್ತು. ನಾಳೆ ಹೋಗೋಣ ಅಂದರೆ ಸೋಮವಾರ ಅನ್ನುವರು, ನಾಳಿದ್ದು ಅಂದರೆ ಅಮಾವಾಸ್ಯೆ ಅನ್ನುವರು, ಅದೂ ಕಳೆದರೆ ತೆಂಗಿನಕಾಯಿ ಕೆಡವುವವರು ಬರುತ್ತಾರೆ ಅನ್ನುವರು. ಕೊನೆಗೆ ಒಂದು ಬೆಳಿಗ್ಗೆ ಅಂಗಳ ಗುಡಿಸಲು ಬಗ್ಗಿದವರು ಮೇಲೇಳಲಾರದೆ ಹಾಗೇ ನಿಂತುಬಿಟ್ಟರು. ನಾನು ಅವರ ಕೈಯಿಂದ ಪೊರಕೆ ಕಿತ್ತುಕೊಂಡು, ಮೊಬೈಲು ತೆಗೆದು, ಮಾರನೆಯ ದಿನಕ್ಕೆ ತುಮಕೂರಿಗೆ ಕಾರು ಬುಕ್ ಮಾಡಿದೆ.

ಬುಕ್ ಮಾಡಿದೆ ಅಂದರೆ ಇಡೀ ಕಾರನ್ನಲ್ಲ. ಈಗ ನಮ್ಮ ಕಡೆಗೂ ಶೇರ್ ಕಾರು ಬಂದಿವೆ. ಮೊಬೈಲಿನಲ್ಲಿ ನಮಗೆ ಬೇಕಾದಷ್ಟು ಸೀಟು ಹಿಡಿದರಾಯಿತು, ಮಿಕ್ಕ ಸೀಟಿಗೆ ದಾರಿಯಲ್ಲಿ ಯಾರೋ ಹತ್ತುತ್ತಾರೆ, ಇನ್ನೆಲ್ಲೋ ಇಳಿಯುತ್ತಾರೆ. ಸೊಂಟ ಹಿಡಿದುಕೊಂಡವರಿಗೆ ಬಸ್ಸಿಗಿಂತ ವಾಸಿ. ಅತ್ತೆಗೆ ಮಾತ್ರ ಇದು ಹಿಡಿಸಲಿಲ್ಲ.

"ಗುರುತಿಲ್ಲ ಪರಿಚಯ ಇಲ್ಲ, ಮೈಗೆ ಮೈ ತಾಗಿಸ್ಕೊಂಡು ಕೂರಾದು ಯಾವ ಸೀಮೆ ಕಾರೇ ಇದು?" ಅಂದರು.

"ಬಸ್ಸಲ್ಲಿ ಕೂರಲ್ವಾ ಅತ್ತೆ?"

"ಬಸ್ಸು ಬಸ್ಸು. ಕಾರು ಕಾರು."

ಇಂಥ ಮಾತಿಗೆ ಎದುರು ಮಾತಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಅತ್ತೆಯ ಕೊರಳಲ್ಲಿ ಸದಾ ಒಂದು ಬೆಳ್ಳಿಯ ಕರಡಿಗೆ. ಅದರೊಳಗೆ ಅವರ ಲಿಂಗ. ಮಗುವಾಗಿದ್ದಾಗ ಕಟ್ಟಿದ್ದಂತೆ. ಕರಡಿಗೆ ಎರಡು ಸಲ ಸವೆದು ಬದಲಾಗಿದೆ, ಶಿವದಾರ ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ, ಲಿಂಗ ಮಾತ್ರ ಅದೇ. ದಿನಾ ಸ್ನಾನ ಮಾಡಿ, ಅದನ್ನು ಎಡಗೈಯ ಅಂಗೈಯಲ್ಲಿಟ್ಟು ಪೂಜೆ ಮಾಡಿ, ಅದರ ಮೇಲೆ ಎರೆದ ನೀರನ್ನು ಕುಡಿದ ಮೇಲೆಯೇ ಅವರ ಬಾಯಿಗೆ ಬೇರೇನಾದರೂ ಹೋಗುವುದು. ಜ್ವರ ಬಂದಿರಲಿ, ಮದುವೆಮನೆಯಿರಲಿ, ಆ ಕ್ರಮ ತಪ್ಪಿದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ನೋಡಿಲ್ಲ. ಲಿಂಗ ಮೈಮೇಲೆ ಇಲ್ಲದಾಗ ಒಂದು ತೊಟ್ಟು ನೀರೂ ಇಳಿಯುವುದಿಲ್ಲ. ನಾನೂ ಅದೇ ಮತದವಳೇ, ನನಗೂ ಕಟ್ಟಿದ್ದರು. ನನ್ನದು ದೇವರ ಗೂಡಿನಲ್ಲಿ ಆರಾಮವಾಗಿದೆ.

ತುಮಕೂರಿನಲ್ಲಿ ಸ್ಕ್ಯಾನಿಂಗ್ ಮಾಡುವ ಹುಡುಗಿ "ಮೈಮೇಲೆ ಒಂದು ಪಿನ್ನೂ ಇರಬಾರದು ಅಜ್ಜಿ" ಅಂದಾಗ ಅತ್ತೆ ಬಳೆ ಬಿಚ್ಚಿದರು, ಓಲೆ ಬಿಚ್ಚಿದರು, ಕರಡಿಗೆಗೆ ಬಂದಾಗ ಮುಷ್ಟಿ ಹಿಡಿದು ಕೂತುಬಿಟ್ಟರು. ಇದು ಆಯಸ್ಕಾಂತದ ಮಿಷನ್ನು, ಕತ್ತಿನಲ್ಲಿ ಏನಿದ್ದರೂ ಒಳಗೆ ಬಿಡುವುದಿಲ್ಲ ಎಂದು ಆ ಹುಡುಗಿ ಬಹಳ ತಾಳ್ಮೆಯಿಂದ ಹೇಳಿತು. ಅತ್ತೆ ಕಣ್ಣುಮುಚ್ಚಿ ಏನೋ ಹೇಳಿಕೊಂಡು, ಶಿವದಾರ ತೆಗೆದು, ಕರಡಿಗೆಯನ್ನು ಒಂದು ಬಿಳಿ ಬಟ್ಟೆಯ ಪುಟ್ಟ ಚೀಲದಲ್ಲಿ ಹಾಕಿ ನನ್ನ ಕೈಗಿಟ್ಟರು. ಕುರ್ಚಿ ಮೇಲೆ ಇಡಬೇಡ, ಸೊಂಟದಿಂದ ಕೆಳಗೆ ಇಳಿಸಬೇಡ, ಯಾರ ಮೈಗೂ ತಾಗಿಸಬೇಡ. ಸ್ಕ್ಯಾನ್ ಮುಗಿಯುವವರೆಗೂ ನಾನು ಅದನ್ನು ಎದೆಯ ಮಟ್ಟಕ್ಕೆ ಎರಡು ಕೈಯಲ್ಲಿ ಹಿಡಿದು ಕೂತಿದ್ದೆ. ಎದುರಿಗೆ ಕೂತ ಹೆಂಗಸು ಪ್ರಸಾದ ಹಂಚುತ್ತಾರೇನೋ ಎಂದು ಕಾಯುತ್ತಿದ್ದಂತಿತ್ತು.

ಹೊರಗೆ ಬಂದ ಅತ್ತೆ ಚೀಲ ತೆಗೆದುಕೊಂಡರು, ಆದರೆ ಕರಡಿಗೆಯನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ.

"ಯಾರ್‍ಯಾರೋ ಮಲಗಿದ್ದ ಹಲಗೆ ಮೇಲೆ ಮಲಗಿ ಎದ್ದು ಬಂದೀನಿ. ಮನೆಗೋಗಿ ಸ್ನಾನ ಮಾಡಿ ಕಟ್ಕೊತೀನಿ ಬುಡು," ಅಂದರು.

ಹಾಗಾಗಿ ಅವರು ಏನೂ ತಿನ್ನುವ ಹಾಗಿರಲಿಲ್ಲ. ನಾನೊಬ್ಬಳೇ ಒಂದು ತಟ್ಟೆ ಇಡ್ಲಿ ತಿಂದೆ. ಮತ್ತೊಂದು ಶೇರ್ ಕಾರು ಸಿಕ್ಕಿತು, ಅರಸೀಕೆರೆ ಕಡೆಗೆ ಹೋಗುವುದು. ಹಿಂದಿನ ಸೀಟಿನಲ್ಲಿ ಒಂದು ಬಾಗಿಲ ಕಡೆ ಅತ್ತೆ, ಇನ್ನೊಂದು ಬಾಗಿಲ ಕಡೆ ನಾನು, ಗುಬ್ಬಿಯಲ್ಲಿ ಹತ್ತಿದ ಒಬ್ಬ ದಪ್ಪ ಮನುಷ್ಯ ನನ್ನ ಕಡೆಯಿಂದ ನುಗ್ಗಿ ನಡುವೆ ಕೂತ. ನಾನು ನಿದ್ದೆ ಹೋದೆ. ಎಚ್ಚರವಾದಾಗ ತಿಪಟೂರು. ಸ್ಕ್ಯಾನಿನ ದೊಡ್ಡ ಕವರು, ಔಷಧಿ ಚೀಲ, ಅತ್ತೆಯ ಚಪ್ಪಲಿ ಎಲ್ಲ ಹುಡುಕಿ ಇಳಿಸಿಕೊಂಡು ನಮ್ಮೂರು ಬಿಳಿಗೆರೆಗೆ ಆಟೋ ಹತ್ತಿದೆವು.

ಮನೆಯಲ್ಲಿ ಬಿಸಿನೀರು ಕಾಯಿಸಿಕೊಟ್ಟೆ. ಅತ್ತೆ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಬಂದು ದೇವರ ಮುಂದೆ ಮಣೆ ಹಾಕಿಕೊಂಡರು.

"ಆ ಚೀಲ ಕೊಡೇ."

"ಯಾವ ಚೀಲ? ನಿಮ್ಮತ್ರ ತಾನೇ ಇತ್ತು?"

"ಇಳೀವಾಗ ಎಲ್ಲಾನೂ ನೀನೇ ಎತ್ಕೊಂಡ್ಯಲ್ಲ!"

ಔಷಧಿ ಚೀಲ ಸುರಿದೆ, ಕವರು ಕೊಡವಿದೆ. ಅತ್ತೆ ಮಣೆಯ ಮೇಲೆ ಕೂತಲ್ಲಿಂದ ಅಲುಗಲಿಲ್ಲ. "ಹೋಯ್ತಾ" ಅಂದರು, ಅಷ್ಟೇ.

ಅವರು ಅತ್ತಿದ್ದರೆ ನನಗೆ ಸಮಾಧಾನ ಮಾಡಲು ಬರುತ್ತಿತ್ತು. ಅಳದೆ ಕೂತವರನ್ನು ಕಂಡರೆ ನನಗೆ ಕೋಪ ಬರುತ್ತದೆ. "ಹಗಲೂ ರಾತ್ರಿ ಕೊರಳಲ್ಲಿ ಇಟ್ಕೊಂಡಿದ್ದೋರು ಅರ್ಧ ದಿನ ಕೈಲಿಟ್ಕೊಳಕ್ಕೆ ಆಗ್ಲಿಲ್ವಾ? ಅಲ್ಲೇ ಕೊರಳಿಗೆ ಹಾಕ್ಕೊಂಡಿದ್ರೆ ಏನು ಮುಳುಗೋಗ್ತಿತ್ತು?" ಎಂದು ಶುರುಮಾಡಿದವಳು ನಿಲ್ಲಿಸಲಿಲ್ಲ. ತೋಟದಿಂದ ಆಗಷ್ಟೇ ಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತು ಕೇಳಿದರು. "ಬೈದ್ರೆ ಸಿಕ್ತದಾ? ಬುಡು. ಫೋನ್ ಮಾಡು ಮೊದ್ಲು," ಅಂದರು.

ಮಾಡುವುದು ಯಾರಿಗೆ? ಡ್ರೈವರ್ ನಂಬರು ಪ್ರಯಾಣ ಮುಗಿದ ಕೂಡಲೇ ಮೊಬೈಲಿನಿಂದ ಮಾಯವಾಗಿತ್ತು. ಕಳೆದ ವಸ್ತು ಎಂದು ಒಂದು ಕಡೆ ಒತ್ತಿದರೆ ಫೋನು, ಪರ್ಸು, ಬ್ಯಾಗು, ಬಟ್ಟೆ, ಇತರೆ ಎಂದು ಬಂತು. ಅತ್ತೆ ಜನ್ಮವಿಡೀ ಪೂಜೆ ಮಾಡಿದ್ದನ್ನು 'ಇತರೆ'ಗೆ ಸೇರಿಸಿದೆ. ಸ್ವಲ್ಪ ಹೊತ್ತಿಗೆ ಕಂಪನಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಏನು ಕಳೆದದ್ದು ಎಂದು ಹೇಳಿದೆ.

"ಅಯ್ಯೋ, ಲಿಂಗಾನಾ ಮೇಡಂ? ನಮ್ಮಜ್ಜೀನೂ ಕಟ್ಟಿದ್ರು," ಅಂದಳು. ಡ್ರೈವರನ್ನು ಕೇಳಿ ತಿಳಿಸುತ್ತೇನೆ ಎಂದಳು. ಹೇಳಿದ ಹಾಗೇ ಸಂಜೆ ಫೋನೂ ಮಾಡಿದಳು. ಸೀಟು, ಸೀಟಿನ ಕೆಳಗೆ, ಡಿಕ್ಕಿ, ಎಲ್ಲ ಕಡೆ ನೋಡಿದರಂತೆ. ಇಲ್ಲವಂತೆ.

ಡ್ರೈವರ್ ಕಳ್ಳ ಎಂದು ನಾನು ಆಗಲೇ ತೀರ್ಮಾನ ಮಾಡಿಬಿಟ್ಟೆ. ಬೆಳ್ಳಿ ಕಂಡ ಮೇಲೆ ಯಾರು ಬಿಡುತ್ತಾರೆ?

ಮುದ್ದೆ ತೊಳಸಿ, ಸಾರು ಮಾಡಿ, ನಮ್ಮ ಮನೆಯವರಿಗೆ ಬಡಿಸಿದೆ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಸಕ್ಕರೆ ಕಾಯಿಲೆ ಬೇರೆ. ಮಾತ್ರೆ ನುಂಗಲಿಲ್ಲ, ನುಂಗಲು ನೀರು ಬೇಕಲ್ಲ. ಪಕ್ಕದಲ್ಲಿ ಇಟ್ಟ ಚೊಂಬು ಬೆಳಿಗ್ಗೆಯೂ ತುಂಬಿದ ಹಾಗೇ ಇತ್ತು.

ವಿಷಯ ತಿಳಿದು ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಬಂದರು. ಅತ್ತೆಗಿಂತ ಸ್ವಲ್ಪ ಚಿಕ್ಕವರು, ಬುದ್ಧಿ ಹೇಳುವುದರಲ್ಲಿ ಧಾರಾಳಿ. "ಅದಕ್ಯಾಕೆ ಇಷ್ಟು ಕೊರಗ್ತೀರಾ? ಮಠಕ್ಕೆ ಹೋಗಿ, ಅಯ್ನೋರು ಹೊಸಾದು ಕಟ್ತಾರೆ. ಎಷ್ಟು ಜನ ಕಟ್ಟಿಸ್ಕೊಂಡಿಲ್ಲ?" ಅಂದರು.

"ಕಟ್ಟಿಸ್ಕೊಬೌದು ಕಣವ್ವ," ಅಂದರು ಅತ್ತೆ. ದನಿ ಒಣಗಿತ್ತು. "ನಾ ಸತ್ತಾಗ ಕೈಗೆ ಅದನ್ನೇ ತಾನೇ ಇಟ್ಟು ಮಣ್ಣು ಮಾಡಾದು? ಇಷ್ಟು ವರ್ಷ ಕಷ್ಟ ಸುಖ ಎಲ್ಲ ಅದರ ಕೂಡೆ ಮಾತಾಡಿವ್ನಿ. ಗುರುತಿಲ್ದಿರದನ್ನ ಹಿಡ್ಕೊಂಡು ಹೆಂಗೆ ಹೋಗ್ಲಿ?"

ಬುದ್ಧಿ ಹೇಳಲು ಬಂದ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೋದರು. ಅತ್ತೆ ಬಚ್ಚಲಿಗೆ ಹೋಗಲು ಎದ್ದವರು ತಲೆಸುತ್ತಿ ಕಂಬ ಹಿಡಿದುಕೊಂಡರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಇವರು ಹಟದವರಲ್ಲ. ಹಟವಾಗಿದ್ದರೆ ಬೈದೋ ಬೇಡಿಕೊಂಡೋ ಮುರಿಯಬಹುದಿತ್ತು. ಇವರಿಗೆ ಲಿಂಗವಿಲ್ಲದೆ ನೀರು ಕುಡಿಯುವುದು ಹೇಗೆಂದೇ ಗೊತ್ತಿಲ್ಲದ ಹಾಗಿತ್ತು.

ಕೈ ಹಿಡಿದು ಕೂರಿಸಿ, ಮೊದಲ ಸಲ ಮೆತ್ತಗೆ ಕೇಳಿದೆ. "ಅತ್ತೆ, ಕಾರಲ್ಲಿ ಚೀಲ ಎಲ್ಲಿಟ್ಟಿದ್ರಿ?"

"ಇಡ್ತಾರೇನೇ? ಜನ ಕುಂಡಿ ಊರೋ ಸೀಟಿನ ಮೇಲೆ, ಕಾಲಿಡೋ ಜಾಗದಲ್ಲಿ ಲಿಂಗ ಇಡ್ತಾರೇನೇ? ಕೈಲೇ ಎತ್ತಿ ಹಿಡ್ಕೊಂಡಿದ್ದೆ. ಆ ದಪ್ಪನೆ ಮನುಷ್ಯ ಹತ್ತಿದ್ನಲ್ಲ, ಅವನ ಮೊಣಕೈ ತಾಗ್ತಿತ್ತು. ಬಾಗಿಲ ಮೇಲ್ಗಡೆ ಒಂದು ಹಿಡಿ ಇರ್ತದಲ್ಲ, ಅದಕ್ಕೆ ನೇತಾಕ್ದೆ. ಎತ್ತರದಲ್ಲಿರ್ಲಿ ಅಂತ."

"ನೆನ್ನೇನೇ ಹೇಳಬಾರ್ದಿತ್ತಾ?"

"ನೀನು ಕೇಳ್ಲಿಲ್ಲ. ಬೈದೆ."

ತಿರುಗಿ ಕಂಪನಿಗೆ ಫೋನು. ಅದೇ ಹುಡುಗಿ ಸಿಗಲಿಲ್ಲ, ಇನ್ಯಾರೋ ಸಿಕ್ಕರು. ಮೇಲಕ್ಕೆ ನೋಡಲು ಹೇಳಿ, ಹಿಂದಿನ ಬಾಗಿಲ ಮೇಲೆ, ಎಂದು ಮೂರು ಸಲ ಹೇಳಿದೆ. ಸ್ವಲ್ಪ ಹೊತ್ತಿಗೆ ಡ್ರೈವರೇ ಫೋನ್ ಮಾಡಿದ. ಫೋನು ಕಿವಿಗಿಟ್ಟುಕೊಂಡೇ ಗಾಡಿ ಪಕ್ಕಕ್ಕೆ ಹಾಕಿದ್ದು, ಬಾಗಿಲು ತೆಗೆದದ್ದು ಎಲ್ಲ ಕೇಳಿಸಿತು.

"ಐತೆ ಮೇಡಂ! ಇಲ್ಲೇ ಐತೆ! ಇದಾ? ಇದು ನಮ್ಮ ಓನರ್ ಕಟ್ಟಿರೋ ತಾಯತ ಅನ್ಕೊಂಡಿದ್ದೆ!"

ಕಾರು ಅವನದಲ್ಲವಂತೆ, ಓನರಿನದು. ಓನರು ಕನ್ನಡಿಗೆ ಒಂದು, ಬಂಪರಿಗೆ ಒಂದು ಎಂದು ದೃಷ್ಟಿಗೆ ಏನಾದರೂ ಕಟ್ಟುತ್ತಲೇ ಇರುತ್ತಾರಂತೆ. ಹತ್ತಿದ ಜನರೂ ಕಾರಿನವರು ಕಟ್ಟಿಕೊಂಡದ್ದು ನಮಗೇಕೆ ಎಂದು ತಲೆ ತಗ್ಗಿಸಿ ಕೂತು ಇಳಿದು ಹೋಗಿದ್ದಾರೆ. ಸೀಟಿನ ಮೇಲೆ ಬಿಟ್ಟಿದ್ದರೆ ಯಾರಾದರೂ ಬಿಚ್ಚಿ ನೋಡುತ್ತಿದ್ದರೋ ಏನೋ. ಅವನು ಅರಸೀಕೆರೆ ಬಿಟ್ಟಿದ್ದ, ಮಧ್ಯಾಹ್ನದೊಳಗೆ ತಿಪಟೂರಿಗೆ ಬರುತ್ತೇನೆ ಎಂದ. ಅವನ ಮೇಲೆ ಹೊರಿಸಿದ್ದ ಕಳ್ಳತನವನ್ನು ನಾನು ಸದ್ದಿಲ್ಲದೆ ಇಳಿಸಿದೆ.

ನಾನೇ ಹೋಗಿ ತರುತ್ತೇನೆ ಅಂದರೆ ಅತ್ತೆ ಕೇಳಲಿಲ್ಲ. ಮತ್ತೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಹೊರಟರು. ಯಾರೂ ತಾಗಬಾರದೆಂದು ಇಡೀ ಆಟೋ ಮಾಡಿಕೊಂಡೆ, ನನ್ನನ್ನೂ ಮುಂದೆ ಡ್ರೈವರ್ ಪಕ್ಕ ಕೂರಿಸಿದರು. ಇಳಿಸುವಾಗ ಕೈ ಹಿಡಿಯಹೋದರೆ "ಮುಟ್ಟಬ್ಯಾಡ ಕಣೇ" ಅಂದರು. ತಲೆಸುತ್ತಿ ಬಿದ್ದರೆ ಹಿಡಿಯಲು ಅನುಕೂಲವಾಗುವಷ್ಟು ಹತ್ತಿರದಲ್ಲಿ, ಮುಟ್ಟದಷ್ಟು ದೂರದಲ್ಲಿ ನಾನು ನಿಂತೆ.

ಕಾರು ಬಂತು. ಆ ಬಾಗಿಲ ಪಕ್ಕ ಕೂತಿದ್ದ ಪ್ರಯಾಣಿಕ ಚೀಲಕ್ಕೆ ತಲೆ ತಾಗದಂತೆ ಕೊಕ್ಕರೆಯ ಹಾಗೆ ಕತ್ತು ಓರೆ ಮಾಡಿಕೊಂಡು ಬಂದಿದ್ದ, ಅವನೇ ಮೊದಲು ಇಳಿದು ಕತ್ತು ನೀವಿಕೊಂಡ. ಡ್ರೈವರು ನಲವತ್ತು ದಾಟಿದವನು, ಹುಳಿಯಾರಿನ ಸಾಬರು.

"ನಾನು ಮುಟ್ಟಿಲ್ಲಮ್ಮ. ಬೆಳಿಗ್ಗೆ ಕಾಲು ಸೂಪು ಕುಡಿದು ಬಂದಿದ್ದೆ. ನೀವೇ ಬಿಚ್ಕೊಳ್ಳಿ," ಅಂದ.

ಅತ್ತೆ ಸೊಂಟನೋವು ಮರೆತವರ ಹಾಗೆ ಕಾರಿನೊಳಗೆ ಬಾಗಿ, ಚೀಲ ಬಿಚ್ಚಿಕೊಂಡು, ಎರಡು ಕಣ್ಣಿಗೂ ಒತ್ತಿಕೊಂಡರು. ರಸ್ತೆಯ ಪಕ್ಕದಲ್ಲಿ, ಲಾರಿಗಳ ಧೂಳಿನಲ್ಲಿ, ಆಗ ಅತ್ತರು. ಆಮೇಲೆ ಡ್ರೈವರ ಕಡೆ ತಿರುಗಿ, "ನಿನ್ನ ಮಕ್ಕಳು ಮರಿ ಚೆನ್ನಾಗಿರ್ಲಿ ಕಣಪ್ಪ" ಅಂದರು. ಮನೆಯಿಂದ ತಂದಿದ್ದ ಉಂಡೆ ಕೊಬ್ಬರಿಯ ಚೀಲ ಕೊಟ್ಟೆ. ಅವನು ಒಂದನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿ ನೋಡಿ, "ಒಳ್ಳೆ ಮಾಲು" ಎಂದು ನಕ್ಕು ಗಾಡಿ ಹತ್ತಿದ.

ಇನ್ನಾದರೂ ನೀರು ಕುಡಿಯುತ್ತಾರೆ ಅಂದುಕೊಂಡರೆ ಇಲ್ಲ. ಕಾರು ಮುಟ್ಟಿದ್ದಕ್ಕೆ ಮನೆಯಲ್ಲಿ ಇನ್ನೊಂದು ಸ್ನಾನ. "ನಿಮ್ಮ ಸ್ನಾನಕ್ಕೆ ಕೆರೆ ಬತ್ತೋಗ್ತದೆ" ಎಂದು ಒಲೆಯ ಮುಂದೆ ಗೊಣಗಿದೆ. ದೇವರಮನೆಯಿಂದ ನೀರೆರೆಯುವ ಸದ್ದು ಬರುವವರೆಗೂ ನನ್ನ ಕಿವಿ ಅಲ್ಲೇ ಇತ್ತು. ಅವರು ಆ ನೀರು ಕುಡಿದ ಸದ್ದೂ ಕೇಳಿಸಿತು. ಗಟಗಟನೆ ಅಲ್ಲ, ದಿನಾ ಕುಡಿಯುವ ಹಾಗೆ, ಒಂದು ಗುಟುಕು.

ಹಣೆಗೆ ವಿಭೂತಿ, ಕೊರಳಲ್ಲಿ ಕರಡಿಗೆ. ಅಡುಗೆಮನೆಗೆ ಬಂದು ಕೂತರು. ಬಿಸಿ ಅನ್ನ, ಬೇಳೆಸಾರು ಬಡಿಸಿದೆ. ಅನ್ನಕ್ಕೆ ಕೈಯಿಟ್ಟವರು ತಲೆಯೆತ್ತಿ ನೋಡಿದರು.

"ನಿನ್ನ ತಟ್ಟೆ ಎಲ್ಲಿ?"

"ಆಮೇಲೆ ಉಣ್ತೀನಿ. ನೀವುಣ್ಣಿ."

"ನೆನ್ನೆ ತುಮಕೂರಲ್ಲಿ ಇಡ್ಲಿ ತಿಂದೆ. ಅಲ್ಲಿಂದ ಈಚೆಗೆ ಏನು ತಿಂದೆ, ಹೇಳು ನೋಡಾನ."

ಯೋಚಿಸಿದೆ. ರಾತ್ರಿ ಮುದ್ದೆ ಮಾಡಿದ್ದೆ, ಬಡಿಸಿದ್ದೆ, ಮಿಕ್ಕದ್ದನ್ನು ಮುಚ್ಚಿಟ್ಟಿದ್ದೆ. ಬೆಳಿಗ್ಗೆ ಉಪ್ಪಿಟ್ಟು ಕೆದಕಿ ಇಳಿಸಿದ್ದೆ. ನಾನು ಕೂತು ತಿಂದದ್ದು ನೆನಪಿಗೆ ಬರಲೇ ಇಲ್ಲ. ಭಕ್ತಿಯಿಂದಲ್ಲ, ವ್ರತದಿಂದಲ್ಲ. ತಿನ್ನಬೇಕೆಂಬುದೇ ತಲೆಗೆ ಬಂದಿರಲಿಲ್ಲ. ಕೋಪದಿಂದಲೇ ಹೊಟ್ಟೆ ತುಂಬಿದೆ ಅಂದುಕೊಂಡಿದ್ದೆನೋ ಏನೋ.

"ನಂಗೆ ಉಪವಾಸ ಅಭ್ಯಾಸ ಐತೆ ಕಣೇ. ಒಂದಿನ ಅಲ್ಲ, ಇನ್ನೂ ನಾಕು ದಿನ ಇರ್ತಿದ್ದೆ," ಅಂದರು ಅತ್ತೆ. "ಗೋಡೆ ಕಡೆ ತಿರುಗಿದ್ರೂ ನಂಗೆ ಕಿವಿ ಕೇಳ್ತದೆ. ನೀನು ತಟ್ಟೆ ಹಾಕ್ಕೊಳ್ಲಿಲ್ಲ. ಶಿವನೇ, ನಂದೇನೋ ಆಗ್ಲಿ, ಇವಳು ಹಸ್ಕೊಂಡವಳೆ, ಬೇಗ ಸಿಗಂಗೆ ಮಾಡಪ್ಪ ಅಂತ ಬೇಡ್ಕೊಂಡು ಮಲಗಿದ್ದೆ."

ಕಲೆಸದೆ ಬಿಟ್ಟಿದ್ದ ಆ ತಟ್ಟೆಯನ್ನು ನನ್ನ ಕಡೆ ತಳ್ಳಿ, ತಾವು ಇನ್ನೊಂದು ತಟ್ಟೆ ತರಲು ಸೊಂಟ ಹಿಡಿದುಕೊಂಡು ಎದ್ದರು. ನಾನು ಬೇಡ ಅನ್ನಲಿಲ್ಲ. ಅನ್ನಕ್ಕೆ ಕೈಯಿಟ್ಟು ಉಂಡೆ.